ಕನ್ನಂಬಾಡಿಯಲ್ಲಿ ಒಡೆದುಹಾಕಿದ ಫಿರಂಗಿಗಳು: ರಸ್ತೆ, ಎತ್ತು ಮತ್ತು ಕಾಲುವೆಯ ಲೆಕ್ಕ

1791ರ ಮೇ ತಿಂಗಳ ನಾಲ್ಕನೇ ವಾರ. ಟಿಪ್ಪು ಸುಲ್ತಾನನ ಮೇಲೆ ಯುದ್ಧಕ್ಕೆ ಬಂದಿದ್ದ ಇಂಗ್ಲಿಷರ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ಕನ್ನಂಬಾಡಿಯಲ್ಲಿ ಬೀಡುಬಿಟ್ಟಿತ್ತು. ಇವತ್ತು ಕೆ.ಆರ್.ಎಸ್. ಕಟ್ಟೆ ನಿಂತಿರುವ ಜಾಗದ ಆಸುಪಾಸು ಅದು. ಶ್ರೀರಂಗಪಟ್ಟಣ ಅಲ್ಲಿಂದ ಒಂದು ದಿನದ ನಡಿಗೆಯಷ್ಟೂ ದೂರ ಇಲ್ಲ. ಮೇ 15ರಂದು ಅರಕೆರೆ ಹತ್ತಿರ ನಡೆದ ಕಾಳಗದಲ್ಲಿ ಟಿಪ್ಪುವಿನ ಸೈನ್ಯ ಕೋಟೆ ಕಡೆಗೆ ಹಿಂದೆ ಸರಿದಿತ್ತು. ಹಾಗೆ ನೋಡಿದರೆ ಗೆದ್ದವನು ಕಾರ್ನ್‌ವಾಲಿಸ್. ಆದರೆ ಅವನು ಕೊಟ್ಟ ಆಜ್ಞೆ ಏನು ಗೊತ್ತಾ? ಕೋಟೆ ಒಡೆಯಲು ತಂದಿದ್ದ ತನ್ನದೇ ದೊಡ್ಡ ಫಿರಂಗಿಗಳನ್ನು ಒಡೆದುಹಾಕಿ, ಭಾರದ ಸಾಮಾನನ್ನೆಲ್ಲ ನಾಶ ಮಾಡಿ, ಬೆಂಗಳೂರಿಗೆ ವಾಪಸ್ ಹೊರಡಿ ಅಂತ.

ಈ ಘಟನೆಯನ್ನು ಯುದ್ಧದ ಕಥೆಯಾಗಿ ಹೇಳುವವರು ಜಾಸ್ತಿ. ನನಗೆ ಇದು ಸಾಗಾಟದ ಕಥೆಯಾಗಿ ಕಾಣುತ್ತದೆ. ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವಾಗ 'ಸಾರಿಗೆ' ಪಾಠಕ್ಕೆ ಬಂದಾಗಲೆಲ್ಲ ನಾನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಾಲುವೆಯಿಂದ ಶುರು ಮಾಡುವುದಿಲ್ಲ, ಕನ್ನಂಬಾಡಿಯಿಂದ ಶುರು ಮಾಡುತ್ತೇನೆ. ರೈಲು, ಲಾರಿ ಬರುವ ಮುಂಚೆ ರಸ್ತೆ ಮೇಲೆ ಭಾರ ಸಾಗಿಸುವುದು ಎಷ್ಟು ಕಷ್ಟವಾಗಿತ್ತು, ಕಾಲುವೆ ಯಾಕೆ ಅಷ್ಟು ದೊಡ್ಡ ವರವಾಯಿತು ಅನ್ನುವುದು ಇಲ್ಲಿ ನಿಂತು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ನಡೆದದ್ದು ಏನು

ಬೆಂಗಳೂರು ಕೋಟೆ 1791ರ ಮಾರ್ಚ್ 21ರಂದು ಇಂಗ್ಲಿಷರ ಕೈಗೆ ಬಿದ್ದಿತ್ತು. ಅಲ್ಲಿಂದ ಮೇ ಮೊದಲ ವಾರದಲ್ಲಿ ಸೈನ್ಯ ಶ್ರೀರಂಗಪಟ್ಟಣದ ಕಡೆ ಹೊರಟಿತು. ಚನ್ನಪಟ್ಟಣದ ದಾರಿ ನೇರವಾಗಿತ್ತು. ಆದರೆ ಆ ದಾರಿಯ ಮೇವು, ದವಸ ಎಲ್ಲವನ್ನೂ ಟಿಪ್ಪು ಸುಡಿಸಿದ್ದ, ಊರುಗಳನ್ನು ಖಾಲಿ ಮಾಡಿಸಿದ್ದ. ಹಾಗಾಗಿ ಕಾರ್ನ್‌ವಾಲಿಸ್ ಕನಕಪುರದ ಕಡೆಯ ಬೆಟ್ಟ-ಕಾಡಿನ ದಾರಿ ಹಿಡಿದ. ಅಲ್ಲಿಯೂ ಅದೇ ಪಾಡು. ಮನುಷ್ಯರಿಲ್ಲ, ಹುಲ್ಲಿಲ್ಲ, ಕಣದಲ್ಲಿ ಕಾಳಿಲ್ಲ.

ಮೇ 13ಕ್ಕೆ ಅರಕೆರೆ ತಲುಪಿದರು. ಅಲ್ಲಿ ಹೊಳೆ ದಾಟುವ ಯೋಜನೆ ಇತ್ತು. ಆಗಲೇ ಕಾವೇರಿಯಲ್ಲಿ ನೀರು ಏರಿತ್ತು, ದಾಟಲು ಆಗಲಿಲ್ಲ. ಮಲಬಾರಿನ ಕಡೆಯಿಂದ ಘಟ್ಟ ಹತ್ತಿ ಪಿರಿಯಾಪಟ್ಟಣದ ಹತ್ತಿರ ಬಂದಿದ್ದ ಇನ್ನೊಬ್ಬ ಇಂಗ್ಲಿಷ್ ಸೇನಾಪತಿ ಅಬರ್‌ಕ್ರೊಂಬಿಯ ಸೈನ್ಯವನ್ನು ಕೂಡಿಕೊಳ್ಳಬೇಕು ಅಂತ ಹೊಳೆಯ ಮೇಲ್ಭಾಗಕ್ಕೆ, ಕನ್ನಂಬಾಡಿಗೆ ನಡೆದರು. ಅಷ್ಟು ಹೊತ್ತಿಗೆ ಎತ್ತುಗಳು ದಾರಿಯುದ್ದಕ್ಕೂ ಬಿದ್ದು ಸಾಯತೊಡಗಿದ್ದವು. ಒಂದು ಕಡೆ ಹಸಿವು, ಇನ್ನೊಂದು ಕಡೆ ಜಾನುವಾರು ರೋಗ, ಮೇಲೆ ಮಳೆ. ಎತ್ತುಗಳಿಲ್ಲದ ಫಿರಂಗಿಗಳನ್ನು ಸಿಪಾಯಿಗಳೇ ಹಗ್ಗ ಹಿಡಿದು ಎಳೆದರು. ಸೈನ್ಯದ ಹಿಂದೆ ಬಂದಿದ್ದ ಬಡ ಜನ ಸತ್ತ ಎತ್ತಿನ ಮಾಂಸ ತಿಂದು ದಿನ ದೂಡಿದರು.

24 ಪೌಂಡಿನ ಗುಂಡು ಹಾರಿಸುವ ಫಿರಂಗಿಯ ನಳಿಗೆ ಒಂದೇ ಎರಡೂವರೆ ಟನ್ ಆಸುಪಾಸು ತೂಗುತ್ತಿತ್ತು. ಅದರ ಮರದ ಗಾಡಿ ಬೇರೆ. ಒಂದೊಂದು ಗುಂಡು ಸುಮಾರು 11 ಕಿಲೋ. ಒಂದು ಫಿರಂಗಿ ಎಳೆಯಲು ಹತ್ತಾರು ಜೊತೆ ಎತ್ತು ಬೇಕು. ಏರು ಬಂದರೆ ಆನೆ ಹಿಂದಿನಿಂದ ತಳ್ಳಬೇಕು. ಇಷ್ಟೆಲ್ಲ ಮದ್ರಾಸಿನಿಂದ ಘಟ್ಟ ಹತ್ತಿಸಿ ತಂದದ್ದು. ಕೋಟೆ ಕಣ್ಣಿಗೆ ಕಾಣುವ ದೂರಕ್ಕೆ ಬಂದ ಮೇಲೆ ಎಳೆಯುವ ಎತ್ತೇ ಇಲ್ಲ.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ವಾಪಸ್ ಹೊರಟ ಮೊದಲ ದಿನವೇ ಮೇಲುಕೋಟೆ ದಿಕ್ಕಿನಲ್ಲಿ ಕುದುರೆ ಸವಾರರು ಎದುರಾದರು. ಶತ್ರುಗಳು ಅಂದುಕೊಂಡರೆ ಅವರು ಇಂಗ್ಲಿಷರ ಜೊತೆ ಸೇರಿದ್ದ ಪರಶುರಾಮ ಭಾವು ಮತ್ತು ಹರಿಪಂತರ ಮರಾಠಾ ಪಡೆಯವರು. ಅವರು ಕಳಿಸಿದ್ದ ಸುದ್ದಿಗಳನ್ನೆಲ್ಲ ಟಿಪ್ಪುವಿನ ಸವಾರರು ದಾರಿಯಲ್ಲೇ ತಡೆದಿದ್ದರು. ಮರಾಠರ ಬಜಾರಿನಲ್ಲಿ ದವಸ ಬೇಕಾದಷ್ಟಿತ್ತು. ರೇಟು ಮಾತ್ರ ಕೇಳಬೇಡಿ. ಹಸಿದವರು ಕೊಟ್ಟು ಕೊಂಡರು. ಕೆಲವು ದಿನ ಮುಂಚೆ ಬಂದಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವೋ ಏನೋ.

ಮೇವಿನ ಲೆಕ್ಕ

ಯಾಕೆ ಹೀಗಾಯಿತು? ಮಳೆ, ರೋಗ, ಟಿಪ್ಪುವಿನ ಉಪಾಯ ಎಲ್ಲ ನಿಜ. ಆದರೆ ಇವೆಲ್ಲದರ ಕೆಳಗೆ ಒಂದು ಸರಳವಾದ ಲೆಕ್ಕ ಇದೆ. ಪ್ರಾಣಿ ಭಾರ ಹೊರುತ್ತದೆ, ಜೊತೆಗೆ ತಿನ್ನುತ್ತದೆ ಕೂಡ. ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಅಂಕಿಗಳು ನಾನು ಇಟ್ಟುಕೊಂಡ ಅಂದಾಜು. ನಿಮ್ಮ ಮನೆಯಲ್ಲಿ ಎತ್ತು ಇದ್ದರೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಒಂದು ಹೇರೆತ್ತು 120 ಕಿಲೋ ಹೊರುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 6 ಕಿಲೋ ಮೇವು ತಿನ್ನುತ್ತದೆ. ದಾರಿಯಲ್ಲಿ ಮೇಯಲು ಒಂದು ಕಡ್ಡಿ ಹುಲ್ಲೂ ಇಲ್ಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 125 ಕಿಲೋಮೀಟರ್. ಹೇರು ಹೊತ್ತ ಎತ್ತಿಗೆ ಹತ್ತು ದಿನದ ದಾರಿ. ಹೋಗಿ ಬರಲು ಇಪ್ಪತ್ತು ದಿನ. ಇಪ್ಪತ್ತು ದಿನಕ್ಕೆ 6 ಕಿಲೋದಂತೆ 120 ಕಿಲೋ. ಅಂದರೆ ಎತ್ತು ಹೊತ್ತದ್ದೆಲ್ಲ ಅದರ ಹೊಟ್ಟೆಗೇ ಸರಿಹೋಯಿತು. ಶ್ರೀರಂಗಪಟ್ಟಣದಲ್ಲಿ ಇಳಿಸಿದ್ದು ಸೊನ್ನೆ.

ಇನ್ನು ಗಾಡಿ. ಒಂದು ಜೊತೆ ಎತ್ತು 600 ಕಿಲೋ ಎಳೆಯಲಿ. ಎರಡೆತ್ತಿಗೆ ದಿನಕ್ಕೆ 12 ಕಿಲೋ, ಇಪ್ಪತ್ತು ದಿನಕ್ಕೆ 240. ತಲುಪಿದ್ದು 360 ಕಿಲೋ. ಪರವಾಗಿಲ್ಲ ಅನ್ನಿಸುತ್ತದೆ. ಈಗ ಮಳೆ ಬರಲಿ. ಚಕ್ರ ಅಚ್ಚಿನವರೆಗೆ ಹೂತುಕೊಳ್ಳುತ್ತದೆ, ಹೇರನ್ನು ಅರ್ಧ ಮಾಡಬೇಕು. ಹೇರು 300 ಆಯಿತು, ತಿನ್ನುವುದು ಅದೇ 240. ಉಳಿದದ್ದು 60 ಕಿಲೋ. ಗಾಡಿ ಹೊಡೆಯುವವನ ಊಟ ಇದರಲ್ಲಿ ಸೇರಿಲ್ಲ. ಮಳೆಗೆ ದಿನಗಳು ಹೆಚ್ಚಾಗುವುದೂ ಸೇರಿಲ್ಲ. ಮೇವು ತರಲು ಇನ್ನಷ್ಟು ಎತ್ತು, ಆ ಎತ್ತಿಗೆ ಇನ್ನಷ್ಟು ಮೇವು. ಕಾರ್ನ್‌ವಾಲಿಸ್ ಸಿಕ್ಕಿಬಿದ್ದದ್ದು ಈ ಸುಳಿಯಲ್ಲಿ. ಅದಕ್ಕೇ ಟಿಪ್ಪು ಫಿರಂಗಿಗಿಂತ ಮೊದಲು ಹುಲ್ಲಿಗೆ ಬೆಂಕಿ ಇಟ್ಟದ್ದು. ಬಹಳ ಲೆಕ್ಕಾಚಾರದ ಕೆಲಸ ಅದು.

ಹಾಗಾದರೆ ನಮ್ಮಲ್ಲಿ ಶಾಂತಿಯ ಕಾಲದಲ್ಲಿ ಸರಕು ಸಾಗುತ್ತಿರಲಿಲ್ಲವಾ? ಸಾಗುತ್ತಿತ್ತು, ಚೆನ್ನಾಗಿಯೇ ಸಾಗುತ್ತಿತ್ತು. ಅದಕ್ಕೆ ಲಂಬಾಣಿಗಳಿದ್ದರು, ಆಗಿನ ದಾಖಲೆಗಳಲ್ಲಿ ಬ್ರಿಂಜಾರಿಗಳು ಅಂತ ಬರುತ್ತದಲ್ಲ, ಅವರೇ. ಉಪ್ಪು, ದವಸ ಹೇರಿಕೊಂಡು ಸಾವಿರಾರು ಎತ್ತುಗಳ ಹಿಂಡು ಹೊರಡುತ್ತಿತ್ತು. ಅವರು ಮೇವನ್ನು ಹೊತ್ತುಕೊಂಡು ಹೋಗುತ್ತಿರಲಿಲ್ಲ. ಎತ್ತು ದಾರಿಯಲ್ಲೇ ಮೇಯುತ್ತಾ ಹೋಗುತ್ತಿತ್ತು. ನಿಧಾನ, ಆದರೆ ಖರ್ಚು ಕಡಿಮೆ. 17ನೇ ಶತಮಾನದಲ್ಲಿ ಭಾರತ ಸುತ್ತಿದ ಒಬ್ಬ ಫ್ರೆಂಚ್ ವಜ್ರದ ವ್ಯಾಪಾರಿ ಹತ್ತು-ಹನ್ನೆರಡು ಸಾವಿರ ಎತ್ತುಗಳ ಹಿಂಡುಗಳನ್ನು ಕಂಡಿದ್ದಾನೆ. ಇಕ್ಕಟ್ಟಿನ ದಾರಿಯಲ್ಲಿ ಇಂಥ ಹಿಂಡು ಎದುರಾದರೆ ಅದು ದಾಟುವ ತನಕ ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ. ಟ್ರಾಫಿಕ್ ಜಾಮ್ ಹೊಸದೇನಲ್ಲ!

ಈ ವ್ಯವಸ್ಥೆಯ ಜೀವ ಇದ್ದದ್ದು ಹುಲ್ಲಿನಲ್ಲಿ. ಮಳೆ ಬಂದು ಹುಲ್ಲು ಚಿಗುರಿದರೆ ಹೇರು ನಡೆಯುತ್ತದೆ. ಬೇಸಿಗೆಯ ಕೊನೆಗೆ, ಬರದಲ್ಲಿ, ಯುದ್ಧದಲ್ಲಿ ನಿಂತುಬಿಡುತ್ತದೆ. ದವಸ ಯಾವಾಗ ತುರ್ತಾಗಿ ಬೇಕೋ ಆಗಲೇ ಅದು ಬರುವುದಿಲ್ಲ.

ಅದೇ ಕಾಲದಲ್ಲಿ ಮ್ಯಾಂಚೆಸ್ಟರ್ ಕಡೆ

ಕನ್ನಂಬಾಡಿಯ ಘಟನೆಗೆ ಸರಿಯಾಗಿ ಮೂವತ್ತು ವರ್ಷ ಮೊದಲು, 1761ರಲ್ಲಿ, ಇದೇ ಇಂಗ್ಲಿಷರ ನಾಡಿನಲ್ಲಿ ಒಂದು ಕಾಲುವೆ ತೆರೆದಿತ್ತು. ಬ್ರಿಡ್ಜ್‌ವಾಟರ್ ಅನ್ನುವ ಊರಿನ ಹೆಸರು ಹೊತ್ತ ಡ್ಯೂಕ್ ಒಬ್ಬ, ಫ್ರಾನ್ಸಿಸ್ ಎಗರ್ಟನ್. ಇನ್ನೂ ಇಪ್ಪತ್ತರ ಹರೆಯದವನು. ವರ್ಸ್ಲಿ ಅನ್ನುವಲ್ಲಿ ಅವನಿಗೆ ಕಲ್ಲಿದ್ದಲು ಗಣಿ ಇತ್ತು. ಮ್ಯಾಂಚೆಸ್ಟರ್ ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್. ಇಷ್ಟು ಹತ್ತಿರ ಇದ್ದರೂ ಕಲ್ಲಿದ್ದಲು ಊರು ಮುಟ್ಟುವ ಹೊತ್ತಿಗೆ ದುಬಾರಿ ಆಗುತ್ತಿತ್ತು. ಅದನ್ನು ಕುದುರೆ ಬೆನ್ನ ಮೇಲೆ ಹೇರುತ್ತಿದ್ದರು. ಒಂದು ಕುದುರೆಗೆ ಸುಮಾರು 125 ಕಿಲೋ. ನಮ್ಮ ಹೇರೆತ್ತಿಗೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ.

ಡ್ಯೂಕ್ ತನ್ನ ಆಸ್ತಿ ನೋಡಿಕೊಳ್ಳುತ್ತಿದ್ದ ಜಾನ್ ಗಿಲ್ಬರ್ಟ್ ಮತ್ತು ಜೇಮ್ಸ್ ಬ್ರಿಂಡ್ಲಿ ಅನ್ನುವ ಗಿರಣಿ ಕಟ್ಟುವ ಮೇಸ್ತ್ರಿಯನ್ನು ಹಿಡಿದು ಕಾಲುವೆ ತೋಡಿಸಿದ. ಬ್ರಿಂಡ್ಲಿಗೆ ಓದು-ಬರಹ ಅಷ್ಟಕ್ಕಷ್ಟೇ. ಆದರೆ ನೀರಿನ ಮಟ್ಟ ಹಿಡಿಯುವುದರಲ್ಲಿ ನಿಸ್ಸೀಮ. ವರ್ಸ್ಲಿಯಿಂದ ಮ್ಯಾಂಚೆಸ್ಟರ್‌ವರೆಗೆ ನೆಲದ ಒಂದೇ ಮಟ್ಟ ಹಿಡಿದು ಕಾಲುವೆ ಒಯ್ದ. ದಾರಿಯಲ್ಲಿ ಇರ್ವೆಲ್ ಹೊಳೆ ಅಡ್ಡ ಬಂತು. ಕಾಲುವೆಯನ್ನು ಹೊಳೆಗೆ ಇಳಿಸಲಿಲ್ಲ. ಬಾರ್ಟನ್ ಅನ್ನುವಲ್ಲಿ ಕಲ್ಲಿನ ಸೇತುವೆ ಕಟ್ಟಿ, ಅದರ ಮೇಲೆ ಕಾಲುವೆಯನ್ನು ಹಾಯಿಸಿದ. ಕೆಳಗೆ ಹೊಳೆಯ ದೋಣಿ, ಮೇಲೆ ಕಾಲುವೆಯ ದೋಣಿ. ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ನೀರು ಸೋರದಂತೆ ಜೇಡಿಮಣ್ಣನ್ನು ನೀರು ಹಾಕಿ ತುಳಿದು, ಹದ ಮಾಡಿ, ಕಾಲುವೆಯ ತಳಕ್ಕೆ ಮೆತ್ತಿಸಿದ. ನಮ್ಮ ಕೆರೆ ಏರಿ ಕಟ್ಟುತ್ತಿದ್ದವರಿಗೆ ಇದು ಹೊಸ ವಿದ್ಯೆ ಅಲ್ಲ ಬಿಡಿ. ನನಗೆ ತುಂಬಾ ಇಷ್ಟವಾಗುವ ಉಪಾಯ ಬೇರೆ ಒಂದಿದೆ. ಗಣಿಯ ಒಳಗೆ ನೀರು ಜಿನುಗಿ ತುಂಬಿಕೊಳ್ಳುವುದು ಗಣಿ ಮಾಲೀಕರಿಗೆಲ್ಲ ದೊಡ್ಡ ತಲೆನೋವು. ಇವರು ಕಾಲುವೆಯನ್ನು ಗಣಿಯ ಒಳಕ್ಕೇ ತೆಗೆದುಕೊಂಡು ಹೋದರು. ಗಣಿಯ ನೀರು ಕಾಲುವೆಗೆ ಹರಿಯಿತು, ಕಾಲುವೆಯ ದೋಣಿ ಕಲ್ಲಿದ್ದಲಿನ ಹತ್ತಿರಕ್ಕೇ ಹೋಯಿತು. ಹೊತ್ತು ಹೊರಗೆ ತರುವ ಕೂಲಿಯೂ ಉಳಿಯಿತು.

ಫಲ? ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲಿನ ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಕಾಲುವೆಗೆ ಒಪ್ಪಿಗೆ ಕೊಡುವಾಗಲೇ ಪಾರ್ಲಿಮೆಂಟು ಸುಮಾರು 51 ಕಿಲೋಗೆ 4 ಪೆನ್ನಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ಡ್ಯೂಕ್‌ನನ್ನು ಕಟ್ಟಿಹಾಕಿತ್ತು. ಆ ರೇಟಿಗೆ ಮಾರಿಯೂ ಅವನು ದೊಡ್ಡ ಸಾಹುಕಾರನಾದ. ಅವನ ಯಶಸ್ಸು ನೋಡಿ ಇಡೀ ದೇಶಕ್ಕೆ ಕಾಲುವೆಯ ಹುಚ್ಚು ಹಿಡಿಯಿತು.

ನೀರು ಮಾಡುವ ಕೆಲಸ

ಅದೇ ಕುದುರೆ ಬೆನ್ನ ಮೇಲೆ 125 ಕಿಲೋ ಹೊರುತ್ತಿತ್ತು. ಮೆತ್ತನೆ ಮಣ್ಣಿನ ರಸ್ತೆಯಲ್ಲಿ ಗಾಡಿ ಕಟ್ಟಿದರೆ ಸುಮಾರು 600 ಕಿಲೋ ಎಳೆಯುತ್ತದೆ. ಮುಂದೆ 19ನೇ ಶತಮಾನದಲ್ಲಿ ಜಲ್ಲಿ ಹಾಕಿ ಗಟ್ಟಿ ಮಾಡಿದ ರಸ್ತೆ ಬಂದಾಗ ಸುಮಾರು 2 ಟನ್. ಕಬ್ಬಿಣದ ಹಳಿ ಮೇಲೆ 8 ಟನ್. ಕಾಲುವೆಯ ದಡದಲ್ಲಿ ನಡೆಯುತ್ತಾ ಹಗ್ಗದಿಂದ ದೋಣಿ ಎಳೆದರೆ 50 ಟನ್‌ವರೆಗೆ. ಇಂಜಿನಿಯರುಗಳು ಹೋಲಿಕೆಗೆ ಬಳಸುವ ಈ ಅಂಕಿಗಳು ದುಂಡನೆ ಅಂಕಿಗಳೇ. ಆದರೂ 125 ಕಿಲೋದಿಂದ 50 ಟನ್ ಅಂದರೆ ನಾನೂರು ಪಟ್ಟು. ಕುದುರೆ ಅದೇ, ಅದು ತಿನ್ನುವ ಹುಲ್ಲು ಅದೇ.

ಯಾಕೆ ಅಂದರೆ, ರಸ್ತೆಯಲ್ಲಿ ಪ್ರಾಣಿಯ ಬಲ ಹೆಚ್ಚಾಗಿ ಖರ್ಚಾಗುವುದು ಎರಡು ಕಡೆ. ಚಕ್ರ ಮಣ್ಣಿಗೆ ಇಳಿದು ಏಳುವುದಕ್ಕೆ ಒಂದು ಪಾಲು, ಏರು ಹತ್ತುವುದಕ್ಕೆ ಇನ್ನೊಂದು. ಕಬ್ಬಿನ ಗಾಡಿ ಹೊಡೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಸಣ್ಣದೊಂದು ಏರು ಬಂದರೂ ಇನ್ನೊಂದು ಜೊತೆ ಎತ್ತು ಮುಂದೆ ಕಟ್ಟಬೇಕಾಗುತ್ತದೆ. ಕಾಲುವೆಯಲ್ಲಿ ಎರಡೂ ಇಲ್ಲ. ನಿಂತ ನೀರು ಸಮತಟ್ಟು, ದೋಣಿ ಹೂತುಕೊಳ್ಳುವುದಿಲ್ಲ. ಭಾರವನ್ನು ನೀರು ಹೊರುತ್ತದೆ, ಕುದುರೆ ಸುಮ್ನೆ ಸರಿಸಿದರೆ ಸಾಕು.

ಒಂದು ಷರತ್ತಿದೆ. ನಿಧಾನವಾಗಿ ಹೋಗಬೇಕು. ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡಿಗೆಯಲ್ಲಿ ನೀರಿನ ತಡೆ ತೀರಾ ಕಡಿಮೆ. ಓಡಿಸಲು ಹೋದರೆ ತಡೆ ವೇಗಕ್ಕಿಂತ ಬಹಳ ಜೋರಾಗಿ ಏರುತ್ತದೆ, ಜೊತೆಗೆ ಅಲೆ ಎದ್ದು ದಡ ಕೊರೆಯುತ್ತದೆ. ಹಾಗಾಗಿ ಕಲ್ಲಿದ್ದಲು, ಸುಣ್ಣದ ಕಲ್ಲು, ದವಸ, ಉಪ್ಪು, ಮರಮಟ್ಟು ಕಾಲುವೆಗೆ ಹೇಳಿ ಮಾಡಿಸಿದ ಸರಕು. ಟಪಾಲು, ಹಾಲು, ಅವಸರದ ಪ್ರಯಾಣಿಕ ರಸ್ತೆಗೇ ಇರಲಿ.

ಈಗ ನಮ್ಮ ಬೋರ್ಡಿನ ಲೆಕ್ಕಕ್ಕೆ ವಾಪಸ್ ಬನ್ನಿ. 50 ಟನ್ ಬೇಡ, ಅರ್ಧ ಇಟ್ಟುಕೊಳ್ಳಿ. ಒಂದು ಪ್ರಾಣಿ, ಒಂದು ದೋಣಿ, 25 ಟನ್. ಅದೇ ಹತ್ತು ದಿನ ಹೋಗಿ ಹತ್ತು ದಿನ ಬರುವುದು. ಮೇವು 120 ಕಿಲೋ. 25,000ದಲ್ಲಿ 120 ಕಳೆಯಿರಿ. ಶೇಕಡಾ ಅರ್ಧದಷ್ಟೂ ಇಲ್ಲ. ದಾರಿಯ ಹುಲ್ಲನ್ನು ಯಾರು ಬೇಕಾದರೂ ಸುಟ್ಟುಕೊಳ್ಳಲಿ, ಮೇವನ್ನು ದೋಣಿಯ ಮೂಲೆಯಲ್ಲಿ ಒಟ್ಟಿಕೊಂಡು ಹೋದರಾಯಿತು. ನೂರಾರು ಹೇರೆತ್ತು, ಅವುಗಳ ಹಿಂದೆ ಹತ್ತಾರು ಜನ ಮಾಡುವ ಕೆಲಸಕ್ಕೆ ಇಲ್ಲಿ ಇಬ್ಬರು ಮೂವರು ಸಾಕು.

ಮೇವು ಒಂದೇ ಅಲ್ಲ, ಒಡೆಯುವ ಸಾಮಾನಿನ ಲೆಕ್ಕವೂ ಇದೆ. ಪಿಂಗಾಣಿ ಮಾಡುತ್ತಿದ್ದ ಜೋಸಾಯ ವೆಜ್‌ವುಡ್ ಕಾಲುವೆಗಾಗಿ ಅಷ್ಟೊಂದು ಓಡಾಡಿದ್ದು ಅದಕ್ಕೇ. ಅವನ ಪಾತ್ರೆಗಳು ಕುದುರೆ ಬೆನ್ನ ಮೇಲಿನ ಬುಟ್ಟಿಯಲ್ಲಿ, ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಾಡಿ ಚೂರಾಗುತ್ತಿದ್ದವು. ಮಣ್ಣು ದೂರದಿಂದ ಬರಬೇಕು, ಮಾಡಿದ ಸಾಮಾನು ಬಂದರಿಗೆ ಹೋಗಬೇಕು. 1766ರಲ್ಲಿ ಟ್ರೆಂಟ್-ಮರ್ಸಿ ಕಾಲುವೆಗೆ ಮೊದಲ ಗುದ್ದಲಿ ಹಾಕಿದವನು ಅವನೇ. 1777ಕ್ಕೆ ಆ ಕಾಲುವೆ ಮುಗಿಯಿತು. ತನ್ನ ಹೊಸ ಕಾರ್ಖಾನೆಯನ್ನು ಅವನು ಕಟ್ಟಿದ್ದು ಕಾಲುವೆಯ ದಡದಲ್ಲಿ.

ಅಮೆರಿಕದ ಈರಿ ಕಾಲುವೆ 1825ರಲ್ಲಿ ತೆರೆಯಿತು. ಬಫಲೋದಿಂದ ನ್ಯೂಯಾರ್ಕ್‌ಗೆ ಒಂದು ಟನ್ ಸರಕು ಸಾಗಿಸಲು ರಸ್ತೆಯಲ್ಲಿ 100 ಡಾಲರ್ ಆಗುತ್ತಿದ್ದದ್ದು 10 ಡಾಲರ್ ಆಸುಪಾಸಿಗೆ ಬಂತು. ನ್ಯೂಯಾರ್ಕ್ ಅಷ್ಟು ಬೇಗ ಬೆಳೆದದ್ದರ ಹಿಂದೆ ಈ ಕಾಲುವೆ ಇದೆ.

ಇಲ್ಲಿ ಆಗುತ್ತಿತ್ತಾ?

ಇಷ್ಟು ಹೇಳಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆ ಒಂದೇ. ಹಾಗಾದರೆ ನಮ್ಮವರು ಯಾಕೆ ಇಂಥ ಕಾಲುವೆ ತೋಡಲಿಲ್ಲ? ನೀರಿನ ವಿದ್ಯೆ ಬರುತ್ತಿರಲಿಲ್ಲವಾ?

ಬರುತ್ತಿತ್ತು. ಬಾರ್ಟನ್ ಸೇತುವೆಗೆ ನೂರು ವರ್ಷ ಮುಂಚೆಯೇ, ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ಕಾವೇರಿಯ ಕವಲನ್ನು ಸೇತುವೆ ಮೇಲೆ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತಂದಿತ್ತು. ಆಮೇಲೆ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಬಂತು. ವಿರಿಜಾ ನಾಲೆ ಇದೆ. ಕಾರ್ನ್‌ವಾಲಿಸ್‌ನ ಸಿಪಾಯಿಗಳು ಫಿರಂಗಿ ಎಳೆಯುತ್ತಾ ಸಾಗಿದ ಸೀಮೆ ನಾಲೆಗಳ ಸೀಮೆಯೇ. ಆದರೆ ಅವೆಲ್ಲ ಗದ್ದೆಗೆ ನೀರುಣಿಸುವ ನಾಲೆಗಳು. ದೋಣಿ ಕಾಲುವೆಯ ಗುಣ ಬೇರೆ, ಗದ್ದೆ ನಾಲೆಯ ಗುಣ ಬೇರೆ.

ಗದ್ದೆ ನಾಲೆಗೆ ಇಳಿಜಾರು ಬೇಕು, ನೀರು ಹರಿಯುತ್ತಲೇ ಇರಬೇಕು. ತೂಬುಗಳಲ್ಲಿ ನೀರು ಬಿಡುತ್ತಾ ಹೋದಂತೆ ನಾಲೆ ಕಿರಿದಾಗುತ್ತದೆ. ಕೊನೆ ಭಾಗಕ್ಕೆ ಬರುವ ಹೊತ್ತಿಗೆ ಮೊಣಕಾಲುದ್ದ ನೀರು, ಅದಕ್ಕೂ ಜಗಳ. ದೋಣಿ ಕಾಲುವೆಗೆ ಉದ್ದಕ್ಕೂ ಒಂದೇ ಅಗಲ, ಒಂದೇ ಆಳ. ನೀರು ಆದಷ್ಟೂ ನಿಂತಿರಬೇಕು, ಎರಡೂ ದಿಕ್ಕಿಗೆ ದೋಣಿ ಹೋಗಬೇಕು. ಮಟ್ಟ ಬದಲಾಗುವ ಕಡೆ ಲಾಕ್ ಕಟ್ಟಬೇಕು. ಎರಡು ಬಾಗಿಲ ನಡುವಿನ ಕಲ್ಲಿನ ತೊಟ್ಟಿ ಅದು. ದೋಣಿಯನ್ನು ಒಳಗೆ ಬಿಟ್ಟು, ಬಾಗಿಲು ಹಾಕಿ, ನೀರು ತುಂಬಿಸಿದರೆ ದೋಣಿ ಮೇಲೇಳುತ್ತದೆ, ಖಾಲಿ ಮಾಡಿದರೆ ಇಳಿಯುತ್ತದೆ. ಪ್ರತಿ ಸಲ ಒಂದು ತೊಟ್ಟಿ ನೀರು ಕೆಳಗೆ ಹೋಗುತ್ತದೆ.

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಶ್ರೀರಂಗಪಟ್ಟಣ ಸುಮಾರು 680. ಇನ್ನೂರು ಮೀಟರಿಗಿಂತ ಹೆಚ್ಚು ಇಳಿಯಬೇಕು, ನಡುವೆ ರಾಮನಗರದ ಬಂಡೆ ಬೆಟ್ಟ ಸುತ್ತಬೇಕು, ಮದ್ದೂರಿನ ಹತ್ತಿರ ಶಿಂಷಾ ಕಣಿವೆ ದಾಟಬೇಕು. ಒಂದೊಂದು ಲಾಕ್ ಎರಡೂವರೆ ಮೀಟರ್ ಇಳಿಸಿದರೂ ನೂರರ ಹತ್ತಿರ ಲಾಕ್ ಬೇಕು. ಈರಿ ಕಾಲುವೆ 584 ಕಿಲೋಮೀಟರ್ ಉದ್ದಕ್ಕೆ 83 ಲಾಕ್ ಇಟ್ಟುಕೊಂಡಿತ್ತು. ಇಲ್ಲಿ 125 ಕಿಲೋಮೀಟರಿಗೇ ಅದಕ್ಕಿಂತ ಜಾಸ್ತಿ. ಅದೂ ಎತ್ತರದ ತುದಿಗೆ, ಬೆಂಗಳೂರಿಗೆ, ಹೊಳೆಯೇ ಇಲ್ಲ. ಕೆರೆ ನೀರನ್ನು ತೊಟ್ಟಿ ತೊಟ್ಟಿಯಾಗಿ ಕೆಳಗೆ ಬಿಡುತ್ತಾ ಹೋದರೆ ಬೇಸಿಗೆಯಲ್ಲಿ ಊರಿಗೆ ಕುಡಿಯಲು ಉಳಿಯುತ್ತಿತ್ತಾ? ಇನ್ನು ಕಾವೇರಿ. ಇಲ್ಲಿ ಅದು ಬಂಡೆ ಹೊಳೆ. ಬೇಸಿಗೆಯಲ್ಲಿ ನಡೆದು ದಾಟಬಹುದು, ಮಳೆಗಾಲದಲ್ಲಿ ಹರಿಗೋಲಿನವನೂ ಯೋಚಿಸಬೇಕು. ಸರಕು ದೋಣಿಗೆ ಲಾಯಕ್ಕಲ್ಲ.

ಯುದ್ಧದ ಮಾತು ಬಂದರೆ ಇನ್ನೊಂದು ಕೊಕ್ಕೆ ಇದೆ. ಹುಲ್ಲು ಸುಟ್ಟ ಟಿಪ್ಪುವಿಗೆ ಕಾಲುವೆಯ ಏರಿಯನ್ನು ಒಂದು ಕಡೆ ಒಡೆಯುವುದು ಎಷ್ಟು ಹೊತ್ತಿನ ಕೆಲಸ? ಕಾಲುವೆ ನಂಬಿ ಕೆಲಸ ಮಾಡುವುದಕ್ಕೆ ನೆಮ್ಮದಿಯ ಕಾಲ ಬೇಕು. ಹಾಗಾಗಿ ಕಾರ್ನ್‌ವಾಲಿಸ್‌ಗೆ ಕಾಲುವೆ ಇದ್ದಿದ್ದರೆ ಶ್ರೀರಂಗಪಟ್ಟಣ ಆಗಲೇ ಬೀಳುತ್ತಿತ್ತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಎರಡನೇ ಸಲ

ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ಕೆಲವು ತಿಂಗಳು ಅವನು ಮಾಡಿದ್ದು ಬಹುಪಾಲು ದಾರಿ ಭದ್ರ ಮಾಡುವ ಕೆಲಸ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಹಿಡಿದ. ಸರಕಿನ ದಾರಿಯ ಮೇಲೆ ಕಣ್ಣಿಡುವ ಬೆಟ್ಟದ ಕೋಟೆಗಳು ಅವು. ಬ್ರಿಂಜಾರಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಗೊತ್ತುಮಾಡಿ, ದವಸ ತಂದಷ್ಟಕ್ಕೂ ದುಡ್ಡು ಕೊಟ್ಟ. 1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತ. ಈ ಸಲ ಹೊಟ್ಟೆ ತುಂಬಿತ್ತು. ಮಾರ್ಚ್‌ನಲ್ಲಿ ಒಪ್ಪಂದ ಆಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು.

ಟಿಪ್ಪುವಿನ ಕಡೆಯೂ ಎತ್ತುಗಳೇ. ಆದರೆ ಅವು ಬೇರೆ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದಿಂದ ಅರಮನೆ ಸಾಕಿಕೊಂಡು ಬಂದಿದ್ದ, ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ ತಳಿ. ನಮ್ಮ ಹಳ್ಳಿಕಾರ್ ಎತ್ತಿನ ಬಳಗದ್ದೇ. ಓಟಕ್ಕೆ, ದೂರದ ದಾರಿಗೆ, ಕಡಿಮೆ ಮೇವಿಗೆ ಹೆಸರಾದವು. ರಸ್ತೆಯ ಸಾಗಾಟದಲ್ಲಿ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಎತ್ತಿನ ಜಾತಿಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ಹಿಂಡುಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡದ್ದು ಸುಮ್ನೆ ಅಲ್ಲ.

ಬರದ ವರ್ಷಗಳು, ಕಾಟನ್‌ನ ವಾದ

ಕನ್ನಂಬಾಡಿಯ ಘಟನೆ ನಡೆದು ಎಂಬತ್ತೈದು ವರ್ಷ ಆದ ಮೇಲೆ ಅದೇ ಲೆಕ್ಕ ಮತ್ತೆ ಬಂತು. ಈ ಸಲ ಯುದ್ಧ ಇರಲಿಲ್ಲ. 1876ರಿಂದ 1878ರ ಬರ, ನಮ್ಮ ಅಜ್ಜಿಯರು ಧಾತು ಈಶ್ವರದ ಬರ ಅನ್ನುತ್ತಿದ್ದದ್ದು. ಮದ್ರಾಸಿನಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ದವಸ ಬೆಂಗಳೂರಿಗೆ ಬರುತ್ತಿತ್ತು. ಅಲ್ಲಿಂದ ಆಚೆಗೆ ಗಾಡಿಯೇ ಗತಿ. ಮಳೆ ಇಲ್ಲ, ಮೇವಿಲ್ಲ, ಎತ್ತುಗಳು ಸಾಯುತ್ತಿವೆ. ಜನಕ್ಕೆ ಕಾಳು ಬೇಕಾದ ಹೊತ್ತಿಗೇ ಕಾಳು ತರುವ ಎತ್ತು ಇಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು.

ಗೋದಾವರಿಗೆ ಅಣೆಕಟ್ಟೆ ಕಟ್ಟಿದ ಆರ್ಥರ್ ಕಾಟನ್ ಆ ಕಾಲದಲ್ಲಿ ಒಂದೇ ಮಾತು ಹಿಡಿದಿದ್ದ. ರೈಲಿಗೆ ಸುರಿಯುವ ದುಡ್ಡನ್ನು ದೋಣಿಯೂ ಹೋಗುವ, ಗದ್ದೆಗೂ ನೀರುಣಿಸುವ ಕಾಲುವೆಗೆ ಹಾಕಿ ಅಂತ. ಗೋದಾವರಿ ಮುಖಜ ಭೂಮಿಯಲ್ಲಿ ಅವನ ಮಾತು ನಿಜವಾಗಿತ್ತು. ಅಲ್ಲಿ ನೆಲ ತಟ್ಟೆಯ ಹಾಗೆ ಸಮ, ಹೊಳೆ ದೊಡ್ಡದು, ಕಾಲುವೆಗಳಲ್ಲಿ ದೋಣಿಗಳು ಓಡಾಡಿದವು. ಅದೇ ಉತ್ಸಾಹದಲ್ಲಿ ತುಂಗಭದ್ರೆಯಿಂದ ಕರ್ನೂಲು-ಕಡಪ ಕಾಲುವೆ ತೋಡಿದ ಕಂಪನಿ ಲಾಕ್‌ಗಳನ್ನೂ ಕಟ್ಟಿತು. ಒಳನಾಡಿನ ಏರುಪೇರಿನ ನೆಲದಲ್ಲಿ ಅದು ಕೈಹಿಡಿಯಲಿಲ್ಲ. ಅಂದುಕೊಂಡಷ್ಟು ಸರಕು ಬರಲಿಲ್ಲ, ಕೊನೆಗೆ 1882ರಲ್ಲಿ ಸರ್ಕಾರ ಕೊಂಡುಕೊಂಡಿತು.

ಮೈಸೂರು ಸೀಮೆಗೆ ಬಂದದ್ದು ರೈಲು. ಬರದ ಪರಿಹಾರ ಕೆಲಸವಾಗಿ ಶುರುವಾದ ಬೆಂಗಳೂರು-ಮೈಸೂರು ಹಳಿ ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿ 1882ರ ಹೊತ್ತಿಗೆ ಮೈಸೂರು ಮುಟ್ಟಿತು. ಕಾರ್ನ್‌ವಾಲಿಸ್ ಬಿಟ್ಟುಕೊಟ್ಟ ಆ ಚನ್ನಪಟ್ಟಣದ ದಾರಿಯೇ. ರೈಲು ಏರು ಹತ್ತಬಲ್ಲದು, ನೂರು ಲಾಕ್ ಬೇಡ, ದಾರಿಯ ಹುಲ್ಲು ಬೇಡ. ನಮ್ಮಂಥ ನೆಲಕ್ಕೆ ಅದೇ ಸರಿಯಾದ ಆಯ್ಕೆ ಅನ್ನುವುದು ನನ್ನ ಅಭಿಪ್ರಾಯ.

ಕಬ್ಬಿನ ಪ್ರಶ್ನೆ

ಒಂದು ವರ್ಷ ಪಾಠ ಮುಗಿಸುವಾಗ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನ ಊರಿನಿಂದ ಬರುವ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮ್ಮ ವಿ.ಸಿ. ನಾಲೇಲಿ ಕಬ್ಬು ತೇಲಿಸ್ಕೊಂಡು ಫ್ಯಾಕ್ಟ್ರಿಗೆ ತರಬಹುದಿತ್ತಲ್ವಾ? ನಮ್ಮಪ್ಪ ಗಾಡೀಲಿ ರಾತ್ರಿಯೆಲ್ಲ ಕ್ಯೂ ನಿಲ್ತಾರೆ."

"ಕ್ಯೂ ಇರೋದು ಫ್ಯಾಕ್ಟ್ರಿ ಗೇಟಲ್ಲಿ ಕಣಯ್ಯ, ದಾರೀಲಲ್ಲ. ದೋಣೀಲಿ ಬಂದ್ರೂ ಅಲ್ಲೇ ನಿಲ್ಬೇಕು" ಅಂದೆ. ಕ್ಲಾಸು ನಕ್ಕಿತು. ಆದರೆ ಪ್ರಶ್ನೆ ಒಳ್ಳೆಯದೇ. ಕೂತು ಲೆಕ್ಕ ಹಾಕಿದೆವು.

ವಿ.ಸಿ. ನಾಲೆ ಹರಿಯುವ ನಾಲೆ. ಹೋಗುವಾಗ ಸಲೀಸು, ಖಾಲಿ ದೋಣಿಯನ್ನು ವಾಪಸ್ ತರುವುದು ಎದುರು ನೀರಿಗೆ. ನಡುವೆ ಹುಲಿಕೆರೆ ಸುರಂಗ ಇದೆ. ನೀರು ಬಿಡುವುದು ಸರದಿ ಪ್ರಕಾರ, ಕಬ್ಬು ಕಡಿಯುವುದು ಫ್ಯಾಕ್ಟರಿಯ ಪರ್ಮಿಟ್ ಪ್ರಕಾರ. ಎರಡೂ ಒಂದೇ ದಿನ ಕೂಡಿಬರಬೇಕಲ್ಲ. ಕಡಿದ ಕಬ್ಬು ಕಾದಷ್ಟೂ ತೂಕ ಮತ್ತು ಸಕ್ಕರೆ ಎರಡೂ ಇಳಿಯುತ್ತವೆ. ಕಲ್ಲಿದ್ದಲಿಗೆ ಆ ಅವಸರ ಇಲ್ಲ. ಮೇಲಾಗಿ ಗದ್ದೆಯಿಂದ ನಾಲೆಗೆ, ನಾಲೆಯಿಂದ ಫ್ಯಾಕ್ಟರಿಗೆ ಎರಡು ಸಲ ಹೇರಿ ಇಳಿಸುವ ಕೂಲಿ ಬೇರೆ. ವರ್ಸ್ಲಿಯಲ್ಲಿ ದೋಣಿ ಗಣಿಯ ಒಳಕ್ಕೇ ಹೋಗಿದ್ದರಿಂದ ಆ ಕೂಲಿ ಉಳಿದಿತ್ತು.

ಇನ್ನು ಗಾಡಿಯ ಲೆಕ್ಕ. ದೂರ ಹತ್ತು ಕಿಲೋಮೀಟರ್. ಹೋಗಿ ಬರಲು ಒಂದು ದಿನ, ಗೇಟಿನಲ್ಲಿ ಕಾಯಲು ಇನ್ನೊಂದು ದಿನ ಇಟ್ಟುಕೊಳ್ಳಿ. ಎರಡು ದಿನಕ್ಕೆ ಒಂದು ಜೊತೆ ಎತ್ತಿನ ಮೇವು 24 ಕಿಲೋ. ಡಾಂಬರು ರಸ್ತೆ, ಟೈರ್ ಗಾಡಿ, ಹೇರು ಎರಡು ಟನ್. ಮೇವಿನ ಪಾಲು ಶೇಕಡಾ ಒಂದೂಕಾಲು ಕೂಡ ಆಗಲಿಲ್ಲ. ಬೆಂಗಳೂರಿನ ದಾರಿಯಲ್ಲಿ ಹೇರನ್ನೇ ನುಂಗಿದ್ದ ಎತ್ತು, ಹತ್ತು ಕಿಲೋಮೀಟರಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

"ಅದೂ ಎತ್ತಿಗೆ ಮೇವು ಕೊಂಡ್ಕೊಳ್ಳಲ್ಲ ಸಾರ್" ಅಂದ ಅದೇ ಹುಡುಗ. "ಕಬ್ಬಿನ ಸೋಗೇನೇ ಗಾಡಿ ಮೇಲೆ ಹಾಕ್ಕೊಂಡು ಹೋಗ್ತೀವಿ." ಬೋರ್ಡಿನ ಮೇಲಿದ್ದ 24ನ್ನು ಹೊಡೆದುಹಾಕಿ ಸೊನ್ನೆ ಬರೆದೆ.